ಒಳ್ಳೇ ಮರದ ಕಡ್ಡಿಯು ಯಾರದು?

ನಮ್ಮ ಹಳ್ಳಿಯ ಸಭೆಗಳಲ್ಲಿ ಹಿತ್ತಲಿಲ್ಲದ ಮನೆಯು ಅಪರೂಪ. ಬಾವಿಯ ಬಳಿಯಲ್ಲಿ ಎರಡು ಬಾಳೆ, ಅಂಗಳದ ಅಂಚಿನಲ್ಲಿ ಒಂದು ಹಲಸು, ಕೊಟ್ಟಿಗೆಯ ಹಿಂದೆ ಒಂದು ಮಾವು, ಇಷ್ಟಾದರೂ ಇಲ್ಲದವರು ಕೆಲವರೇ. ಈ ಮರಗಳಲ್ಲಿ ಒಂದು ವಿಶೇಷವಾದ ಫಲವನ್ನು ಕೊಟ್ಟರೆ ಅದರ ಸುದ್ದಿಯು ಬೇಗನೆ ಊರೆಲ್ಲಾ ಹಬ್ಬುತ್ತದೆ. ಆಗ ಮಳೆಗಾಲದ ಆರಂಭದಲ್ಲಿ ನೆರೆಯವನು ಬಂದು ಬಾಗಿಲಲ್ಲಿ ನಿಂತು, ಕಸಿ ಕಟ್ಟುವದಕ್ಕೆ ಒಂದು ಕಡ್ಡಿಯನ್ನು ಕೊಡುವಿರಾ ಎಂದು ಕೇಳುತ್ತಾನೆ. ಕೆಲವರು ಸಂತೋಷದಿಂದ ಕೊಡುತ್ತಾರೆ. ಕೆಲವರು ಈ ವರುಷ ಕಡ್ಡಿಯು ಬಲಿತಿಲ್ಲವೆಂದು ನೆವ ಹೇಳುತ್ತಾರೆ. ಕೆಲವರು ಕೇಳಿದವನು ಯಾರ ಮಗನು, ಯಾವ ಕುಲದಿಂದ ಸಭೆಗೆ ಸೇರಿದವನು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿ, ಒಬ್ಬನಿಗೆ ಕೊಟ್ಟು ಮತ್ತೊಬ್ಬನನ್ನು ಬರಿಗೈಯಲ್ಲಿ ಕಳುಹಿಸುತ್ತಾರೆ. ಇನ್ನು ಕೆಲವರು, ನನ್ನ ಮರದಂಥದ್ದು ಈ ಊರಲ್ಲಿ ಇನ್ನೊಂದು ಇರಬಾರದು ಎಂದು ನೇರವಾಗಿಯೇ ಹೇಳಿಬಿಡುತ್ತಾರೆ.

ಇದು ತೋಟದ ಮಾತು, ಇದರಲ್ಲಿ ನೀತಿಯ ಪ್ರಶ್ನೆ ಏನಿದೆ ಎಂದು ಯಾರಾದರೂ ಹೇಳಬಹುದು. ಆದರೆ ಆದಿತ್ಯವಾರದಲ್ಲಿ ದೇವಾಲಯದಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಸೋಮವಾರದಲ್ಲಿ ಬೇಲಿಯ ಎರಡು ಬದಿಗಳಲ್ಲಿ ನಿಂತಾಗ ಹೇಗೆ ನಡಕೊಳ್ಳುತ್ತಾರೆಂಬದೂ ಅವರ ವಿಶ್ವಾಸಕ್ಕೆ ಸಾಕ್ಷಿಯೇ ಆಗಿದೆ. ಆದದರಿಂದ ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನವಾಗಿ ವಿಚಾರಿಸೋಣ: ಒಳ್ಳೇ ಮರದ ಕಡ್ಡಿಯು ಯಾರದು? ಬೇಡುವವನಿಗೆ ಅದನ್ನು ಕೊಡದೆ ಇರುವದು ಒಡೆಯನ ಇಷ್ಟ ಮಾತ್ರವೋ, ತಪ್ಪೋ?

ಮೊದಲು ಕಡ್ಡಿಯೆಂದರೆ ಏನೆಂದು ತಿಳಿಯಬೇಕು. ಆಪೂಸು ಮಾವಿನ ಗೊರಟನ್ನು ನೆಟ್ಟರೆ ಆಪೂಸೇ ಬರುವದಿಲ್ಲವೆಂಬದು ಧಾರವಾಡದ ಸೀಮೆಯ ತೋಟಗಾರರಿಗೆ ಚೆನ್ನಾಗಿ ಗೊತ್ತು. ಯಾಕಂದರೆ ಆ ಗೊರಟಿನಿಂದ ಏಳುವ ಒಂದೇ ಮೊಳಕೆಯು ತಾಯಿಮರದ ಗುಣದೊಡನೆ, ಹೂವಿಗೆ ಪರಾಗ ಕೊಟ್ಟ ಯಾವದೋ ಬೇರೆ ಮರದ ಗುಣವನ್ನೂ ಕೂಡಿಸಿಕೊಂಡು ಹುಟ್ಟುತ್ತದೆ. ಕರಾವಳಿಯ ಓಲೂರು, ಬಪ್ಪಕಾಯಿ ಮುಂತಾದ ಕೆಲವು ಜಾತಿಗಳಲ್ಲಿ ಒಂದು ಗೊರಟಿನಿಂದ ಹಲವು ಮೊಳಕೆಗಳು ಎದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಯಂತೆಯೇ ಆಗುವದುಂಟು. ಆದರೆ ಅಂಥ ಜಾತಿಗಳು ಕೆಲವೇ. ಮಿಕ್ಕ ಮಾವುಗಳಲ್ಲಿ ಒಳ್ಳೇ ಮರದ ಗುಣವು ಕೆಡದೆ ಮತ್ತೊಂದು ಹಿತ್ತಲಿಗೆ ಹೋಗಬೇಕಾದರೆ ಅದರ ಕಡ್ಡಿಯೇ ಹೋಗಬೇಕು.

ಅದು ಹೋಗುವ ರೀತಿಯೂ ಎಲ್ಲರ ಕೈಗೆ ಎಟಕುವಂಥದ್ದೇ. ಗೊರಟಿನಿಂದ ಹುಟ್ಟಿದ ಸಾಮಾನ್ಯ ಮಾವಿನ ಎಳೇ ಸಸಿಯ ತಲೆಯನ್ನು ಕೊಯ್ದು, ಕಾಂಡವನ್ನು ನಡುವೆ ಸೀಳಿ, ಒಳ್ಳೇ ಮರದಿಂದ ತಂದ, ಪೆನ್ಸಿಲಿನಷ್ಟು ದಪ್ಪವಾದ, ಮೂರು ನಾಲ್ಕು ತಿಂಗಳು ಬಲಿತ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ, ಆ ಸೀಳಿನಲ್ಲಿ ಕೂರಿಸಿ, ತೊಗಟೆಗೆ ತೊಗಟೆಯು ಹೊಂದುವಂತೆ ಪಟ್ಟಿಯಿಂದ ಬಿಗಿಯಾಗಿ ಕಟ್ಟುತ್ತಾರೆ. ಎರಡು ಮೂರು ವಾರಗಳಲ್ಲಿ ಚಿಗುರು ಕಂಡರೆ ಕಸಿಯು ಕೂಡಿತೆಂದು ತಿಳಿಯಬಹುದು. ಕಡ್ಡಿಯನ್ನು ಕೊಯ್ಯುವ ಏಳೆಂಟು ದಿನ ಮುಂಚೆ, ಅದು ಮರದಲ್ಲಿರುವಾಗಲೇ, ತೊಟ್ಟನ್ನು ಉಳಿಸಿ ಎಲೆಗಳನ್ನು ಕತ್ತರಿಸಿದರೆ ತುದಿಯ ಕಣ್ಣು ಉಬ್ಬಿ ಕಸಿಯು ಚೆನ್ನಾಗಿ ಹಿಡಿಯುತ್ತದೆ. ಹೀಗಿರಲಾಗಿ ಮನಸ್ಸಿನಿಂದ ಕೊಡುವವನು ವಾರದ ಮುಂಚೆಯೇ ನೆರೆಯವನನ್ನು ನೆನಸಿಕೊಂಡು ಏಣಿ ಹತ್ತುತ್ತಾನೆ. ಇದು ಚಿಕ್ಕ ಕೆಲಸವಾದರೂ ಪ್ರೀತಿಯ ಕೆಲಸವಾಗಿದೆ.

ಇನ್ನು ಮರದ ಒಳ್ಳೇತನವು ಯಾರದೆಂಬದನ್ನು ನೋಡೋಣ. ಒಡೆಯನು ಗುಂಡಿ ತೋಡಿದನು, ಗೊಬ್ಬರ ಹಾಕಿದನು, ದನ ಕರುಗಳಿಂದ ಸಸಿಯನ್ನು ಕಾಪಾಡಿದನು. ಈ ಕಷ್ಟವು ನಿಶ್ಚಯವಾಗಿ ಅವನದು. ಆದರೆ ಹಣ್ಣಿನ ಪರಿಮಳವನ್ನೂ ಸಿಹಿಯನ್ನೂ ಉಂಟುಮಾಡಿದವನು ಅವನಲ್ಲ. ಅಷ್ಟೇ ನೀರು ಗೊಬ್ಬರ ಕುಡಿದ ಪಕ್ಕದ ಮರವು ಹುಳಿಯಾದ ನಾರುಹಣ್ಣನ್ನು ಕೊಡಬಹುದು. ನೆಡುವವನೂ ನೀರು ಹೊಯ್ಯುವವನೂ ಬೇರೆ, ಬೆಳೆಸುವವನು ದೇವರು ಎಂಬ ಅರ್ಥದಲ್ಲಿ ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದದ್ದು ಹಿತ್ತಲಲ್ಲಿ ಅಕ್ಷರಶಃ ಕಾಣುತ್ತದೆ. ಅದಲ್ಲದೆ ಕಸಿಗಿಡವನ್ನೇ ನೆಟ್ಟವನಾದರೆ, ಆ ಕಡ್ಡಿಯನ್ನು ಅವನಿಗಿಂತ ಮುಂಚೆ ಯಾರೋ ಒಬ್ಬರು ಕೊಟ್ಟದ್ದುಂಟು. ಪೋರ್ತುಗೀಸರ ಕಾಲದಲ್ಲಿ ಗೋವೆಯಲ್ಲಿ ಕಸಿಯ ಮೂಲಕ ನೆಲೆಗೊಂಡ ಆಪೂಸು ಇಂದು ರತ್ನಾಗಿರಿಯಲ್ಲಿಯೂ ಧಾರವಾಡದಲ್ಲಿಯೂ, ಬಾದಾಮಿ ಎಂಬ ಹೆಸರಿನಿಂದ ಬೆಂಗಳೂರಿನ ಸುತ್ತಲೂ ಕಾಣುವದಾದರೆ, ಕೈಯಿಂದ ಕೈಗೆ ದಾಟಿದ ಕಡ್ಡಿಗಳಿಂದಲೇ ಕಾಣುತ್ತದೆ. ಆ ಸಾಲಿನಲ್ಲಿ ಒಬ್ಬನಾದರೂ, ಇದು ನನಗೇ ಇರಲಿ ಎಂದು ತಡೆದಿದ್ದರೆ ಅವನ ಆಚೆಗೆ ಇರುವವರಿಗೆ ಅದು ತಲಪುತ್ತಿರಲಿಲ್ಲ.

ದಕ್ಷಿಣ ಕನ್ನಡದ ಜೀಗುಜ್ಜೆಯು ಇದನ್ನು ಇನ್ನೂ ಸ್ಪಷ್ಟವಾಗಿ ತಿಳಿಸುತ್ತದೆ. ನಾವು ಪಲ್ಯ ಮಾಡುವ ಆ ಕಾಯಿಯಲ್ಲಿ ಬೀಜವೇ ಇಲ್ಲ. ಮರದ ಬೇರಿನಿಂದ ಏಳುವ ಮರಿಯನ್ನು ಕಿತ್ತೋ ಬೇರೆ ವಿಧದಿಂದಲೋ ಯಾರಾದರೂ ಕೊಟ್ಟ ಹೊರತು ಅದು ಮುಂದಿನ ಮನೆಗೆ ಹೋಗಲಾರದು. ಆದದರಿಂದ ಹಿತ್ತಲಲ್ಲಿ ಜೀಗುಜ್ಜೆ ಇರುವ ಮನೆಯವರು, ನಾವು ಯಾರಿಂದಲೂ ಏನೂ ಪಡೆದವರಲ್ಲ ಎಂದು ಹೇಳಲಾರರು.

ಕೊಡುವವನಿಗೆ ನಷ್ಟವೆಷ್ಟು? ಹತ್ತು ಹಣ್ಣುಗಳಲ್ಲಿ ಒಂದನ್ನು ಕೊಟ್ಟರೆ ಒಂಬತ್ತು ಉಳಿಯುತ್ತವೆ. ಅಕ್ಕಿಯೂ ಹಣವೂ ಹಾಗೆಯೇ. ಕಡ್ಡಿಯ ಲೆಕ್ಕವೇ ಬೇರೆ. ದೊಡ್ಡ ಮಾವಿನ ಮರದಲ್ಲಿ ನೂರಾರು ತುದಿಗಳಿರುವವು. ಹತ್ತು ಹನ್ನೆರಡನ್ನು ಕೊಯ್ದರೆ ಮರಕ್ಕೆ ತಿಳಿಯುವದೂ ಇಲ್ಲ, ಕೊಯ್ದ ಕೆಳಗಿನಿಂದ ಹೊಸ ಚಿಗುರುಗಳು ಒಡೆಯುತ್ತವೆ. ಮುಂದಿನ ವೈಶಾಖದಲ್ಲಿ ಬುಟ್ಟಿಗೆ ಹಣ್ಣು ಕಡಿಮೆಯಾಗುವದಿಲ್ಲ. ಹಾಗಾದರೆ ಕೊಡದವನು ಏನನ್ನು ಕಾಯುತ್ತಾನೆ? ಮರವಾಗಲಿ ಹಣ್ಣಾಗಲಿ ಕಡಿಮೆಯಾಗದೆ ಇರುವಲ್ಲಿ, ಅವನಿಗಿರುವ ಭಯವು ನೆರೆಯವನೂ ತನ್ನ ಸಮಾನನಾದಾನೆಂಬದೇ. ತನ್ನಲ್ಲಿ ಇರುವದರಿಂದ ಬರುವ ಸಂತೋಷವು ಅವನಿಗೆ ಸಾಲದು. ಮತ್ತೊಬ್ಬನಲ್ಲಿ ಇಲ್ಲದಿರುವದರಿಂದ ಬರುವ ಸಂತೋಷವೂ ಬೇಕು. ಈ ಎರಡನೆಯ ಸಂತೋಷವನ್ನು ಸತ್ಯವೇದವು ಎಲ್ಲಿಯೂ ಆಶೀರ್ವದಿಸಲಿಲ್ಲ. ಕುಲವನ್ನು ನೋಡಿ ಕಡ್ಡಿ ಕೊಡುವವನ ರೋಗವೂ ಇದೇ. ಒಂದೇ ಪಾತ್ರೆಯಿಂದ ಕರ್ತನ ಭೋಜನದಲ್ಲಿ ಪಾಲುಹೊಂದಿದ ಸಹೋದರನಿಗೆ ಮಾವಿನ ಕಡ್ಡಿಯನ್ನು ಕೊಡಲಾರದವನು ತಾನು ಬಿಟ್ಟುಬಂದೆನೆಂದು ಹೇಳುವದನ್ನು ಇನ್ನೂ ಬಿಡಲಿಲ್ಲ. ಸಭೆಯ ಹೊರಗಿನ ನೆರೆಯವನು ಬಂದು ಕೇಳಿದರೂ ಇದೇ ನ್ಯಾಯವು ಸಲ್ಲಬೇಕು. ಯಾಕಂದರೆ ನೆರೆಯವನು ಯಾರೆಂದು ಕೇಳಿದವನಿಗೆ ಕರ್ತನು ಸಮಾರ್ಯದವನ ಕಥೆಯನ್ನು ಹೇಳಿದನು.

ಅಡಗಿಸಿ ಇಟ್ಟುಕೊಂಡದ್ದು ಭದ್ರವಾಗಿ ಉಳಿಯುವದೆಂಬದೂ ನಿಜವಲ್ಲ. ಮಲೆನಾಡಿನಲ್ಲಿ ಉಪ್ಪಿನಕಾಯಿಗೆ ಪ್ರಸಿದ್ಧವಾದ ಅಪ್ಪೆಮಿಡಿಯ ಮರಗಳನ್ನು ನೋಡಿರಿ. ಶರಾವತಿ, ಅಘನಾಶಿನಿ ಮುಂತಾದ ಹೊಳೆಗಳ ದಂಡೆಗಳಲ್ಲಿ ಅವು ತಾವಾಗಿಯೇ ಹುಟ್ಟಿ ಬೆಳೆದವು. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ. ಒಂದು ಜೀರಿಗೆಯ ವಾಸನೆಯದಾದರೆ ಮತ್ತೊಂದು ಬೇರೆ ತರದ್ದು. ಕೆಲವು ಮರಗಳು ಪ್ರವಾಹಕ್ಕೆ ಉರುಳಿದವು, ಕೆಲವು ಮುಪ್ಪಿನಿಂದ ಒಣಗಿದವು, ಮಿಡಿ ಕೊಯ್ಯುವ ಆತುರದಲ್ಲಿ ಕೊಂಬೆಗಳನ್ನೇ ಕಡಿದದ್ದರಿಂದ ಕೆಲವು ಕೆಟ್ಟವು. ಸಮಯಕ್ಕೆ ಮುಂಚೆ ಯಾರಾದರೂ ಕಡ್ಡಿ ತಂದು ಹಿತ್ತಲಲ್ಲಿ ಕಸಿ ಕಟ್ಟಿದ ಮರಗಳ ಪರಿಮಳವು ಉಳಿಯಿತು. ಹಾಗೆ ಮಾಡದವುಗಳದು ಮರದೊಂದಿಗೇ ಹೋಯಿತು. ಸಿಡಿಲಿಗೂ ಕಾಂಡ ಕೊರೆಯುವ ಹುಳಕ್ಕೂ ಒಡೆಯನ ಹೆಮ್ಮೆಯು ತಿಳಿಯದು. ಹತ್ತು ಮನೆಗಳಿಗೆ ಕಡ್ಡಿ ಕೊಟ್ಟವನ ಮರವು ಬಿದ್ದರೆ ಅವನು ಹತ್ತು ಮನೆಗಳಲ್ಲಿ ಒಂದಕ್ಕೆ ಹೋಗಿ ತನ್ನ ಮರವನ್ನೇ ತಿರಿಗಿ ಬೇಡಿ ತರಬಹುದು. ಯಾರಿಗೂ ಕೊಡದವನ ಮರವು ಬಿದ್ದರೆ ಅವನು ಯಾರ ಬಾಗಿಲಿಗೆ ಹೋಗುವನು? ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯದಲ್ಲಿ ಆ ಆಳು ಏನನ್ನೂ ಕದ್ದವನಲ್ಲ. ಆದರೂ ಯಜಮಾನನು ಅವನನ್ನು ಒಳ್ಳೇ ಆಳೆಂದು ಎಣಿಸಲಿಲ್ಲ.

ದೂರ ದೇಶದ ಒಂದು ಸಂಗತಿಯನ್ನೂ ಇಲ್ಲಿ ಹೇಳಬಹುದು, ಯಾಕಂದರೆ ಅದರಲ್ಲಿ ಒಬ್ಬ ಮಿಶನೆರಿಯವರ ಕೈ ಇತ್ತು. ಬ್ರಜಿಲ್ ದೇಶದ ಬಾಹಿಯಾ ಎಂಬಲ್ಲಿ ತುದಿಯಲ್ಲಿ ಹೊಕ್ಕುಳಿನಂಥ ಗುರುತಿರುವ, ಬೀಜವಿಲ್ಲದ ಒಂದು ಕಿತ್ತಳೆಯು ಬೆಳೆಯುತ್ತಿತ್ತು. ಅಲ್ಲಿ ಸುವಾರ್ತೆಯ ಸೇವೆಯಲ್ಲಿದ್ದ ಪ್ರೆಸ್ಬಿಟೇರಿಯನ್ ಮಿಶನಿನ ಶ್ನೈಡರ್ ಪಾದ್ರಿಯವರು 1870ರ ಸುಮಾರಿಗೆ ಅದರ ಕಸಿಗಿಡಗಳನ್ನು ಅಮೆರಿಕದ ವಾಷಿಂಗ್ಟನ್ ಪಟ್ಟಣದ ಸರಕಾರೀ ತೋಟಕ್ಕೆ ಕಳುಹಿಸಿದರು. ಅಲ್ಲಿಂದ 1873ರಲ್ಲಿ ಕ್ಯಾಲಿಫೋರ್ನಿಯದ ರಿವರ್‌ಸೈಡ್ ಎಂಬ ಊರಿನ ಎಲೈಜಾ ಟಿಬೆಟ್ಸ್ ಎಂಬ ಸ್ತ್ರೀಗೆ ಗಿಡಗಳು ಸಿಕ್ಕಿದವು. ಆ ಗಿಡಗಳಿಂದ ನೆರೆಯವರು ಕಣ್ಣುಗಳನ್ನು ಪಡೆದು ಕಸಿ ಕಟ್ಟಿದರು, ಅವರಿಂದ ಅವರ ನೆರೆಯವರು ಪಡೆದರು. ಹೀಗೆ ಆ ಸೀಮೆಯಲ್ಲಿ ಕಿತ್ತಳೆಯ ದೊಡ್ಡ ಬೇಸಾಯವೇ ಹುಟ್ಟಿತು. ಆ ಮೊದಲಿನ ಮರಗಳಲ್ಲಿ ಒಂದು ಇಂದಿಗೂ ಬದುಕಿದೆ. ನಮ್ಮ ದೇಶದಲ್ಲಿಯೂ ಶ್ರೀರಾಂಪುರದ ವಿಲಿಯಂ ಕೇರಿಯವರು, 1817ರಲ್ಲಿ ಕನ್ನಡ ಭಾಷೆಯ ವ್ಯಾಕರಣವನ್ನು ಅಚ್ಚು ಹಾಕಿಸಿದವರು, 1820ರಲ್ಲಿ ಕಲ್ಕತ್ತೆಯಲ್ಲಿ ಬೇಸಾಯಕ್ಕೂ ತೋಟಗಾರಿಕೆಗೂ ಒಂದು ಸಂಘವನ್ನು ಸ್ಥಾಪಿಸಿದರು. ಸತ್ಯವೇದವನ್ನು ಜನರ ಭಾಷೆಗಳಿಗೆ ತರುವ ಕೆಲಸವೂ ಒಳ್ಳೇ ಗಿಡಗಳನ್ನು ಜನರ ತೋಟಗಳಿಗೆ ತರುವ ಕೆಲಸವೂ ಅವರಿಗೆ ಒಂದಕ್ಕೊಂದು ವಿರೋಧವಾಗಿ ಕಾಣಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಕೇಳಲೇಬೇಕು, ಅದು ಬಡವರ ಬಾಯಿಂದ ಬರುವಂಥದ್ದು. ಒಬ್ಬ ವಿಧವೆಯು ತನ್ನ ಹಿತ್ತಲಿನ ಒಂದು ಒಳ್ಳೇ ಮರದ ಹಣ್ಣನ್ನು ಸಂತೆಗೆ ಒಯ್ದು ಮಾರಿ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾಳೆನ್ನಿ. ಆ ಮರವು ಊರ ತುಂಬಾ ಆದರೆ ಅವಳ ಬುಟ್ಟಿಗೆ ಬೆಲೆ ಎಲ್ಲಿಂದ ಬಂದೀತು? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಬಿಡಬಾರದು. ಉಳ್ಳವನು ಹೆಮ್ಮೆಗೋಸ್ಕರ ತಡೆಯುವದೂ ಇಲ್ಲದವಳು ಅನ್ನಕ್ಕೋಸ್ಕರ ಹಿಂಜರಿಯುವದೂ ದೇವರ ತಕ್ಕಡಿಯಲ್ಲಿ ಒಂದೇ ತೂಕವಲ್ಲ. ಕರ್ತನು ತನ್ನ ಶಿಷ್ಯರನ್ನು ಕಳುಹಿಸಿದ ಸಂಗತಿಯು ಮತ್ತಾಯನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಬೆಲೆಯಿಲ್ಲದೆ ಪಡೆದವರು ಬೆಲೆ ಕೇಳದೆ ಕೊಡಬೇಕೆಂಬ ಅರ್ಥದ ಅಪ್ಪಣೆಯು 8ನೆಯ ವಚನದಲ್ಲಿ. ದುಡಿಯುವವನಿಗೆ ಅವನ ಆಹಾರವು ಸಲ್ಲತಕ್ಕದ್ದೆಂಬ ಅರ್ಥದ ಮಾತು 10ನೆಯ ವಚನದಲ್ಲಿ. ಎರಡನ್ನೂ ಒಬ್ಬನೇ ಕರ್ತನು ಒಂದೇ ಸಮಯದಲ್ಲಿ ಹೇಳಿದನು. ಆದದರಿಂದ ಮರದ ಒಳ್ಳೇತನಕ್ಕೆ ಬೆಲೆ ಕಟ್ಟಿ ನೆರೆಯವನನ್ನು ತಡೆಯುವದು ಬೇರೆ, ತಾನು ಬೆಳಸಿದ ಸಸಿಗೂ ಕಟ್ಟಿದ ಕಸಿಗೂ ಒಂದು ವರುಷ ನೀರೆರೆದದ್ದಕ್ಕೂ ಕೂಲಿ ತಕ್ಕೊಳ್ಳುವದು ಬೇರೆ. ಆ ವಿಧವೆಯು ಕಸಿಗಿಡಗಳನ್ನು ತಾನೇ ಮಾಡಿ ನ್ಯಾಯವಾದ ಕ್ರಯಕ್ಕೆ ಕೊಡಲಿ. ಅವಳ ಬಳಿಯಿಂದ ಬಿಟ್ಟಿಯಾಗಿ ಕಡ್ಡಿ ಕೇಳುವ ಶ್ರೀಮಂತನೇ ನಾಚಿಕೊಳ್ಳಲಿ.

ಇಂಥದ್ದು ನಡೆಯಬಲ್ಲದೆಂಬದಕ್ಕೆ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಚೇಳೂರಿನ ಒಂದು ಹಲಸಿನ ಮರವು ಉದಾಹರಣೆಯಾಗಿದೆ. ತಾಮ್ರದಂಥ ಕೆಂಪು ತೊಳೆಗಳುಳ್ಳ ಅದರ ಚಿಕ್ಕ ಹಣ್ಣು ಸಿದ್ದು ಹಲಸು ಎಂಬ ಹೆಸರು ಪಡೆದಿದೆ. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮರದ ಒಡೆಯರೊಂದಿಗೆ ಒಡಂಬಡಿಕೆ ಮಾಡಿಕೊಂಡು, ಕಸಿಗಿಡಗಳ ಮಾರಾಟದಿಂದ ಬರುವ ಹಣದಲ್ಲಿ ಹೆಚ್ಚಿನ ಪಾಲು ರೈತನಿಗೇ ಸೇರುವಂತೆ ಗೊತ್ತುಮಾಡಿದರು. ಮರವೂ ಹರಡಿತು, ಮನೆಯೂ ಬದುಕಿತು. ದೇಶದ ಕಾನೂನು ಸಹ ಹಂಚುವವನ ಪಕ್ಷದಲ್ಲಿದೆ: 2001ರಲ್ಲಿ ಮಾಡಿದ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು, ರೈತನು ತನ್ನ ಹೊಲದ ಬೆಳೆಯನ್ನೂ ಬೀಜವನ್ನೂ ಉಳಿಸಲಿಕ್ಕೂ ಬಿತ್ತಲಿಕ್ಕೂ ವಿನಿಮಯ ಮಾಡಲಿಕ್ಕೂ ಹಂಚಲಿಕ್ಕೂ ಮಾರಲಿಕ್ಕೂ ಹಕ್ಕನ್ನು ಕೊಟ್ಟಿದೆ, ಸಂರಕ್ಷಿತ ತಳಿಯ ಬೀಜವನ್ನು ಆ ಹೆಸರಿನ ಚೀಟಿ ಹಚ್ಚಿ ಮಾರುವದನ್ನು ಮಾತ್ರ ತಡೆದಿದೆ.

ಕೊಡುವವನಿಗೆ ಧರ್ಮವಿರುವಂತೆ ಬೇಡುವವನಿಗೂ ಉಂಟು. ಒಡೆಯನು ಮನೆಯಲ್ಲಿ ಇಲ್ಲದಾಗ ಬೇಲಿ ಹಾರಿ ಕೊಂಬೆಯನ್ನು ಮುರಿದುಕೊಂಡು ಹೋಗಿ, ಕಡ್ಡಿ ತಾನೇ, ಇದರಿಂದ ಏನು ನಷ್ಟ, ಎಂದು ಹೇಳುವವನು ಮೇಲಿನ ವಾದವನ್ನು ತನ್ನ ಕಳ್ಳತನಕ್ಕೆ ಮುಸುಕಾಗಿ ಮಾಡಿಕೊಳ್ಳುತ್ತಾನೆ. ಅಹಾಬನು ಅರಸನಾಗಿದ್ದರೂ ನಾಬೋತನ ದ್ರಾಕ್ಷೇತೋಟವು ಅವನ ಆಶೆಗೆ ಸಲ್ಲತಕ್ಕದ್ದಾಗಿರಲಿಲ್ಲ. ಕೊಡುವದು ಪ್ರೀತಿಯ ಸಾಲವೇ ಹೊರತು, ಬೇಡುವವನು ಬಲಾತ್ಕಾರದಿಂದ ವಸೂಲು ಮಾಡತಕ್ಕ ಸಾಲವಲ್ಲ. ಇದರಲ್ಲಿ ನಮ್ಮ ಪ್ರಶ್ನೆಗೆ ಉತ್ತರದ ಅರ್ಧವಿದೆ: ಮನುಷ್ಯರ ಮುಂದೆ ಕಡ್ಡಿಯು ಒಡೆಯನದು, ಅದನ್ನು ಕೇಳಿಯೇ ತಕ್ಕೊಳ್ಳಬೇಕು, ದೇವರ ಮುಂದೆ ಒಡೆಯನು ಉಗ್ರಾಣಿಯವನು ಮಾತ್ರ, ಅದನ್ನು ಯಾಕೆ ತಡೆದನೆಂದು ಅವನು ಲೆಕ್ಕ ಒಪ್ಪಿಸಬೇಕು.

ಪಡೆದವನು ಪಡೆದದ್ದನ್ನು ಆಲಸ್ಯದಿಂದ ಕೆಡಿಸಬಾರದು. ಕಸಿಯ ಗಂಟಿನ ಕೆಳಗಿನಿಂದ ಹಳೇ ಸಸಿಯ ಚಿಗುರುಗಳು ಏಳುವವು. ಅವುಗಳನ್ನು ಆಗಾಗ್ಗೆ ಚಿವುಟದಿದ್ದರೆ ಅವು ಬಲವಾಗಿ ಬೆಳೆದು, ಒಳ್ಳೇ ಕಡ್ಡಿಯನ್ನು ಸೊರಗಿಸಿ, ಕೊನೆಗೆ ಹುಳಿಮಾವೇ ಉಳಿಯುವದು. ಆಗ ಕೊಟ್ಟವನನ್ನು ದೂರುವದು ನ್ಯಾಯವಲ್ಲ. ಮೊದಲ ಎರಡು ಮೂರು ವರುಷಗಳಲ್ಲಿ ಬಿಡುವ ಹೂವನ್ನು ತೆಗೆದುಹಾಕಿ ಗಿಡವನ್ನು ಬಲಪಡಿಸಬೇಕೆಂದು ತೋಟಗಾರರು ಹೇಳುತ್ತಾರೆ. ಹೊಸದಾಗಿ ನೆಟ್ಟ ಮರದ ಫಲವನ್ನು ಮೂರು ವರುಷ ತಿನ್ನದೆ, ನಾಲ್ಕನೆಯದನ್ನು ಕರ್ತನಿಗೆ ಪ್ರತಿಷ್ಠಿಸಿ, ಐದನೆಯದರಲ್ಲಿ ತಿನ್ನಬೇಕೆಂಬ ನಿಯಮವನ್ನು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಓದುವ ರೈತನಿಗೆ ಆ ತಾಳ್ಮೆಯು ವಿಚಿತ್ರವಾಗಿ ಕಾಣದು. ಮತ್ತು ಪಡೆದವನು ಮುಂದೆ ತಾನೂ ಕೊಡುವವನಾಗಬೇಕು.

ಕೊಡುವವನು ಸತ್ಯವನ್ನೂ ಕೂಡಾ ಕೊಡಬೇಕು. ಕಡ್ಡಿಯೊಂದಿಗೆ ಮರದ ಗುಣ ಹೋಗುವಂತೆ ಅದರ ರೋಗವೂ ಹೋಗುವದುಂಟು. ಎಲೆ ಹಳದಿಯಾಗಿ ಕಾಯಿಯು ಹಸಿರಾಗಿಯೇ ಉಳಿಯುವ ಕಿತ್ತಳೆಯ ರೋಗವನ್ನು ಒಂದು ಚಿಕ್ಕ ಕೀಟವು ಹರಡುವಂತೆ ರೋಗದ ಮರದ ಕಸಿಯೂ ಹರಡುತ್ತದೆ. ನಂಜನಗೂಡಿನ ರಸಬಾಳೆಯ ತೋಟಗಳನ್ನು ಕ್ಷೀಣಿಸಿದ ಪನಾಮಾ ಸೊರಗು ರೋಗವು ಕಂದುಗಳೊಂದಿಗೂ ಅವಕ್ಕೆ ಅಂಟಿದ ಮಣ್ಣಿನೊಂದಿಗೂ ಸಾಗುವಂಥದ್ದು. ಆದದರಿಂದ, ನನ್ನ ಗಿಡಕ್ಕೆ ರೋಗವಿದೆ, ಈ ವರುಷ ಬೇಡ, ಎಂದು ಹೇಳಿ ಬರಿಗೈಯಲ್ಲಿ ಕಳುಹಿಸಿದವನು ಆ ದಿನ ಹೆಚ್ಚಿನ ದಾನವನ್ನೇ ಮಾಡಿದನು. ಹೆಸರು ತಪ್ಪಿಸಿ ಕೊಡುವದೂ ಸಾಮಾನ್ಯ ಮಾವನ್ನು ಆಪೂಸೆಂದು ಹೇಳಿ ಕೊಡುವದೂ ಐದು ವರುಷದ ಮೇಲೆ ತಾನಾಗಿ ಬೈಲಿಗೆ ಬರುವ ಸುಳ್ಳು. ಮರವು ತನ್ನ ಹಣ್ಣಿನಿಂದಲೇ ತಿಳಿಯಲ್ಪಡುವದು.

ಕೊನೆಯದಾಗಿ, ಕ್ರೈಸ್ತರಾದ ನಮಗೆ ಈ ವಿಷಯದಲ್ಲಿ ಬೇರೆಯವರಿಗಿಂತ ಹೆಚ್ಚಾದ ಒಂದು ಕಾರಣವಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಪೌಲನು ಅನ್ಯಜನರಿಂದ ಬಂದ ವಿಶ್ವಾಸಿಗಳನ್ನು ಕಾಡೆಣ್ಣೇಮರದ ಕೊಂಬೆಗಳಿಗೆ ಹೋಲಿಸಿ, ಅವು ಒಳ್ಳೇ ಎಣ್ಣೇಮರದಲ್ಲಿ ಕಸಿ ಕಟ್ಟಲ್ಪಟ್ಟು ಅದರ ಬೇರಿನ ಸಾರದಲ್ಲಿ ಪಾಲುಹೊಂದಿದವೆಂದು ತೋರಿಸುತ್ತಾನೆ. ತೋಟಗಾರನಿಗೆ ಇದು ತಲೆಕೆಳಗಾದ ಕೆಲಸವಾಗಿ ಕಾಣುವದು. ನಾವು ಕಾಡುಬೇರಿನ ಮೇಲೆ ಒಳ್ಳೇ ಕಡ್ಡಿಯನ್ನು ಕೂರಿಸುತ್ತೇವೆ. ಒಳ್ಳೇ ಮರದ ಮೇಲೆ ಕಾಡಿನ ಕಡ್ಡಿಯನ್ನು ಯಾರೂ ಕೂರಿಸುವದಿಲ್ಲ, ಯಾಕಂದರೆ ಕಡ್ಡಿಯು ಯಾವದೋ ಹಣ್ಣೂ ಅದೇ. ಪೌಲನೇ ಇದನ್ನು ಬಲ್ಲವನಾಗಿ, ಈ ಕಸಿಯು ಸ್ವಭಾವಕ್ಕೆ ವಿರೋಧವಾದದ್ದೆಂದು ಒಪ್ಪಿಕೊಳ್ಳುತ್ತಾನೆ. ದೇವರು ಯಾವ ತೋಟಗಾರನೂ ಮಾಡದ್ದನ್ನು ನಮಗೋಸ್ಕರ ಮಾಡಿದನು. ಆದದರಿಂದ ಕೊಂಬೆಗೆ ಹೆಚ್ಚಳಪಡಲಿಕ್ಕೆ ಎಡೆಯಿಲ್ಲ. ನಮ್ಮಲ್ಲಿ ಯಾವ ಮನೆತನವೂ ಯಾವ ಕುಲವೂ ಆ ಬೇರಿನಲ್ಲಿ ಮೊದಲಿನಿಂದ ಹುಟ್ಟಿದ್ದಲ್ಲ. ನಮ್ಮ ಅಜ್ಜಂದಿರಲ್ಲಿ ಒಬ್ಬನ ಬಳಿಗೆ ಯಾರೋ ಒಬ್ಬರು ನಡೆದು ಬಂದು, ಅವನ ಕುಲವನ್ನು ವಿಚಾರಿಸದೆ, ತಮ್ಮಲ್ಲಿದ್ದ ಅತಿ ಶ್ರೇಷ್ಠವಾದದ್ದನ್ನು ಕೊಟ್ಟರು. ಕೊಟ್ಟದ್ದರಿಂದ ಅವರಲ್ಲಿ ಅದು ಕಡಿಮೆಯಾಗಲಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ಮಳೆಗಾಲವು ಹತ್ತಿರ ಬಂದಾಗ ಪ್ರತಿಯೊಂದು ಸಭೆಯಲ್ಲಿ ಹೀಗೆ ಮಾಡಿ ನೋಡಬಹುದು. ಯಾರ ಹಿತ್ತಲಲ್ಲಿ ಯಾವ ಒಳ್ಳೇ ಮರವಿದೆಯೆಂದು ಉಪದೇಶಿಯಾಗಲಿ ಸಭೆಯ ಹಿರಿಯರಾಗಲಿ ಒಂದು ಪಟ್ಟಿಯನ್ನು ಬರೆಯಲಿ. ಶಾಲೆಯ ಮಕ್ಕಳು ಬೇಸಿಗೆಯಲ್ಲಿ ತಿಂದ ಮಾವಿನ ಗೊರಟುಗಳನ್ನು ಬಿಸಾಡದೆ ಮಡಿಯಲ್ಲಿ ಹೂಳಿ ಸಸಿ ಮಾಡಲಿ. ಕಸಿ ಕಟ್ಟಲು ಬಲ್ಲವರು ಒಂದು ಮಧ್ಯಾಹ್ನ ಕೂತು ಯೌವನಸ್ಥರಿಗೆ ಕಲಿಸಲಿ. ಬೆಳೆಹಬ್ಬದಲ್ಲಿ ತೆಂಗಿನಕಾಯಿ, ಬಾಳೆಗೊನೆ, ಅಕ್ಕಿಗಳೊಂದಿಗೆ ಕಸಿಗಿಡಗಳನ್ನೂ ತಂದು ದೇವರ ಮುಂದೆ ಇಡೋಣ. ಆರಾಧನೆ ತೀರಿದ ಮೇಲೆ ಹಿತ್ತಲಲ್ಲಿ ಒಳ್ಳೇ ಮರವಿಲ್ಲದ ಮನೆಗಳವರನ್ನು ಮೊದಲು ಕರೆದು ಅವರ ಕೈಗೆ ಕೊಡೋಣ. ಸಭೆಗೆ ಸೇರದ ನೆರೆಯವರಿಗೂ ಎರಡನ್ನು ಎತ್ತಿಡೋಣ. ನಾಲ್ಕೈದು ವರುಷ ಕಳೆದ ಮೇಲೆ ಆ ಮನೆಗಳ ಮಕ್ಕಳು ಹಣ್ಣು ತಿನ್ನುವಾಗ, ಕೊಟ್ಟವರ ಹೆಸರು ಅವರಿಗೆ ನೆನಪಿರಲಿ, ಇಲ್ಲದೆ ಹೋಗಲಿ, ಹಣ್ಣನ್ನು ಕೊಟ್ಟ ದೇವರಿಗೆ ಸ್ತೋತ್ರವು ಸಲ್ಲುವದು.